ರಟ್ಟಿನ ಮರೆ

ಪಂಚಾಯ್ತಿ ಚುನಾವಣೆಯಲ್ಲಿ ದೊಡ್ಡಮನೆಯವರ ಎದುರು ನಿಲ್ಲಲು ಆ ಕೇರಿಯಿಂದ ಅವನೊಬ್ಬನೇ ಧೈರ್ಯ ಮಾಡಿದ್ದ. ಮನೆಮನೆಗೂ ಹೋಗಿ ಒಂದೇ ಮಾತು ಹೇಳಿದ್ದ: “ರಟ್ಟಿನ ಮರೇಲಿ ನೀವು ಯಾರಿಗೆ ಮುದ್ರೆ ಒತ್ತಿದ್ರಿ ಅಂತ ಯಾರ್ಗೂ ಗೊತ್ತಾಗಲ್ಲ. ಕಾನೂನೇ ಕಾಯುತ್ತೆ, ಹೆದರಬೇಡಿ.” ಅವ್ವನಿಗಂತೂ ತನ್ನ ಚುನಾವಣಾ ಗುರುತಾದ ಹೊಲಿಗೆ ಯಂತ್ರವನ್ನು ನೆಲದ ಮೇಲೆ ಇದ್ದಿಲಿನಲ್ಲಿ ಬರೆದು ತೋರಿಸಿದ್ದ.

ಎಣಿಕೆ ಮುಗಿದಾಗ ಅವನಿಗೆ ಬಿದ್ದದ್ದು ಒಂದೇ ಮತ. ಅದು ಅವನದೇ.

ಮನೆಗೆ ಬಂದವನು ಅಂಗಿಯನ್ನೂ ಬಿಚ್ಚದೆ ಒಲೆಯ ಮುಂದಿದ್ದ ಅವ್ವನ ಎದುರು ಕೂತ.

“ಕೇರಿಯೋರ ಮಾತು ಬಿಡು. ನೀನೂ ಹಾಕ್ಲಿಲ್ವಾ ಅವ್ವ?”

ಅವ್ವ ಊದುಗೊಳವೆ ಕೆಳಗಿಟ್ಟಳು. “ಇಲ್ಲ ಮಗ. ಅವ್ರಿಗೇ ಒತ್ತಿ ಬಂದೆ.”

“ಅವ್ರ ಕೊಟ್ಟಿಗೆ ಕೆಲ್ಸ ಹೋಗುತ್ತೆ ಅಂತಾನಾ?”

“ಕೆಲ್ಸ ಹಾಳಾಗೋಗ್ಲಿ. ಹಿಂದಿನ ದಿನ ಕರೆಸಿ, ಹಾಲು ಮುಟ್ಟಿಸಿ ಆಣೆ ಮಾಡಿಸ್ಕೊಂಡ್ರು, ನಿಂಗೆ ಹಾಕಲ್ಲ ಅಂತ.”

ಅವನ ದನಿ ಏರಿತು. “ಅಷ್ಟಕ್ಕೇ ಹೆದರ್ಕೊಂಡ್ಯಾ? ಆ ಮರೆ ಒಳಗೆ ನಿನ್ನ ಯಾರವ್ವ ನೋಡ್ತಿದ್ರು?”

“ಯಾರೂ ನೋಡ್ತಿರ್ಲಿಲ್ಲ ಕಣಪ್ಪ. ಆದ್ರೆ ಆಣೆ ಮಾಡಿಸಿದ್ದು ನಿನ್ ಮೇಲೆ.”