ಬ್ರೇಕ್ ಹಿಡಿಯದ ಸೈಕಲ್ಲು

“ಫ್ರೇಮ್ ಬಾಗೇದ ಬೂದೆಪ್ಪಣ್ಣ, ಗಾಲಿನೂ ಸೊಟ್ಟ ಆಗೇದ. ಈ ಹಳೇದನ್ನ ಗುಜರಿಗೆ ಹಾಕಿ ಬ್ಯಾರೇದು ತಗೋ,” ಎಂದ ರಿಪೇರಿ ಅಂಗಡಿಯ ಮಲಂಗಸಾಬ.

ಬೂದೆಪ್ಪ ಬಗ್ಗಿ ಗಾಲಿ ತಿರುವಿ ನೋಡಿದ. ಮೊಣಕೈಗೆ ಅರಿಸಿನ ಮೆತ್ತಿಕೊಂಡು ಪಕ್ಕದಲ್ಲಿ ಕುಳಿತಿದ್ದ ಹೆಂಡತಿ ಬಂಡೆಮ್ಮನೇ ಬಾಯಿ ಹಾಕಿದಳು: “ಹೌದಣ್ಣಾ, ಇದು ಮನಿಗೆ ಬ್ಯಾಡೇ ಬ್ಯಾಡ. ಇದರ ಮ್ಯಾಲ ಕುಂತು ನನ್ನ ಬಾಯಾಗ ಬರಬಾರದ್ದು ಬಂತು.”

ಬೆಳಿಗ್ಗೆ ಕಲ್ಮಲದಿಂದ ರಾಯಚೂರಿಗೆ ಬರುವಾಗ ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ ಸೈಕಲ್ಲು ಹೋಗಿ ಮೇವಿನ ಬಂಡಿಗೆ ಬಡಿದಿತ್ತು. ಹಿಂದೆ ಕ್ಯಾರಿಯರ್ ಮೇಲಿದ್ದ ಬಂಡೆಮ್ಮ ಬೀಳುವ ಮೊದಲು “ಬೂದೆಪ್ಪಾ!” ಎಂದು ಚೀರಿದ್ದಳು. ಮದುವೆಯ ದಿನ ಹೆಂಗಸರ ಒತ್ತಾಯಕ್ಕೆ ಒಡಪು ಕಟ್ಟಿ ಹೇಳಿದ್ದು ಬಿಟ್ಟರೆ ಅವಳು ಗಂಡನ ಹೆಸರು ಹಿಡಿದು ಕರೆದವಳೇ ಅಲ್ಲ. ಕರೆದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂಬ ಅಂಜಿಕೆ. ಆಮೇಲೆ ರಾಯಚೂರು ಮುಟ್ಟುವವರೆಗೂ ಗಲ್ಲ ಗಲ್ಲ ಬಡಿದುಕೊಂಡಿದ್ದಳು. ಬೂದೆಪ್ಪನಿಗೋ ಅವಳ ಬಾಯಿಂದ ಬಂದ ತನ್ನ ಹೆಸರೇ ಕಿವಿಯಲ್ಲಿ ತುಂಬಿ, ಮಂಡಿ ತರಚಿದ್ದೂ ಗೊತ್ತಾಗಿರಲಿಲ್ಲ.

“ಎಷ್ಟು ದಿನ ಹಿಡೀಲಿ, ರಿಪೇರಿನೇ ಮಾಡು,” ಎಂದ ಅವನು. ಬಂಡೆಮ್ಮ ಮುಖ ತಿರುಗಿಸಿಕೊಂಡಳು. ಬೂದೆಪ್ಪ ಸೊಟ್ಟಗಾದ ಹ್ಯಾಂಡಲ್ ಸವರುತ್ತ ಮಲಂಗಸಾಬನ ಕಿವಿಯ ಹತ್ತಿರ ಬಗ್ಗಿದ: “ಎಲ್ಲಾ ಸರಿ ಮಾಡು. ಬ್ರೇಕ್ ಒಂದು ಹಂಗೇ ಬಿಡು.”