ದಾಕ್ಷಿ ಬಿತ್ತಿದ ಗ್ರಂಥಾಲಯ

ಹಂಚಿನ ಮೇಲೊಂದು ರೊಟ್ಟಿ ಬೇಯುತ್ತಿತ್ತು, ಕಾಶವ್ವ ಇನ್ನೊಂದನ್ನು ಬಡಿಯುತ್ತಿದ್ದಳು. ಅಷ್ಟರಲ್ಲಿ ಹಿತ್ತಲಿನಿಂದ ಮಗಳು ದಾಕ್ಷಿ ಕೂಗಿದಳು: "ಯವ್ವಾ, ಲಗೂನ ಬಾ! ಬಾಗಲಾ ಮೂಡೈತಿ!"

ಹಿಟ್ಟಿನ ಕೈಯಲ್ಲೇ ಕಾಶವ್ವ ಓಡಿದಳು. ಶಾಲೆಯ ಪ್ರಾಜೆಕ್ಟಿಗೆಂದು ಮಗಳು ಬಿತ್ತಿದ್ದ ಗ್ರಂಥಾಲಯ ಸೊಂಟದೆತ್ತರಕ್ಕೆ ಬೆಳೆದಿತ್ತು. ಬೇರುಗಳ ನಡುವೆ ಓದುವ ಕಟ್ಟೆ, ಗೋಡೆಯ ತುಂಬ ಗುಬ್ಬಿಗೂಡು, ಮಾಳಿಗೆಯ ಮೇಲೆ ಹೀರೆಬಳ್ಳಿ. ದಾಕ್ಷಿ ಕಾಗದದ ಮೇಲೆ ಬರೆದದ್ದೆಲ್ಲ ಹಸಿರಾಗಿ ನಿಂತಿತ್ತು. ಈಗ ಗೇಣುದ್ದದ ಬಾಗಿಲೂ ಬಂದಿತ್ತು.

ಬಾಗಿಲು ಮೂಡಿದ ದಿನವೇ, ಬಿಸಿಲು ಅದನ್ನು ಮುಟ್ಟುವ ಮೊದಲು, ಬಿತ್ತಿದವರೇ ಆ ಕಟ್ಟಡವನ್ನು ಒಪ್ಪಿಗೆ ಕೇಳಬೇಕು. ಎಲೆ ಅರಳಿದರೆ ಊರ ನಡುವೆ ನೆಟ್ಟು ದೊಡ್ಡದು ಮಾಡುತ್ತಾರೆ. ಮುದುಡಿದರೆ ಅದು ಬರೀ ಗಿಡ.

"ನೀನ ಕೇಳ ಯವ್ವಾ."

"ಬಿತ್ತಿದಾಕಿ ನೀನು, ಕೇಳಾಕಿ ನಾನಾ?"

"ನಮ್ಮ ಕ್ಲಾಸಿನ ಇರ್ಫಾನನ ಬಸ್ ಸ್ಟ್ಯಾಂಡು ಮುದುಡೇ ಬಿಡ್ತು."

"ಎಷ್ಟು ಮಂದಿ ಹಿಡಿಸ್ತಿ ಅಂತ ಕೇಳಿದನಂತ! ಹೊಸಾ ಸೊಸಿ ಹೊಸ್ತಿಲಾ ದಾಟೂ ಮೊದಲ, ದಿನಕ್ಕ ಎಷ್ಟು ರೊಟ್ಟಿ ಬಡೀತಿ ಅಂತ ಕೇಳಿದಂಗಾತು. ಸಿಟ್ಟು ಬರೂದಿಲ್ಲೇನು?"

ದಾಕ್ಷಿಗೆ ನಗು ತಡೆಯಲಾಗಲಿಲ್ಲ. ಒಳಗೆ ರೊಟ್ಟಿ ಸೀಯುವ ವಾಸನೆ ಬಂದರೂ ಕಾಶವ್ವ ಕದಲಲಿಲ್ಲ. ಬಿಸಿಲು ಹಿತ್ತಲ ಗೋಡೆಯಿಂದ ಇಳಿದು ಬಳ್ಳಿಯ ತುದಿಗೆ ಬರುತ್ತಿತ್ತು. ಹುಡುಗಿ ಮಂಡಿಯೂರಿದಳು. ಪುಟ್ಟ ಬಾಗಿಲಿಗೆ ಬಾಯಿ ಹಚ್ಚಿ, ಅವ್ವನಿಗೂ ಕೇಳುವಷ್ಟು ಗಟ್ಟಿಯಾಗಿ ಕೇಳಿಯೇಬಿಟ್ಟಳು:

"ನಮ್ಮ ಜೋಡಿ ಬಾಳ್ತೀಯೇನು?"