ತವರಿನ ಸಿ.ಡಿ.

ಮನೆದೇವರು ಬೇರೆ ಬೇರೆ ಇರುವ ಹಾಗೆ ಆ ಊರಿನಲ್ಲಿ ಮನೆಮನೆಗೂ ಬೇರೆ ಬಗೆಯ ಕಂಪ್ಯೂಟರು. ಹಾಗಾಗಿ ಮದುವೆ ಗೊತ್ತಾದರೆ ಸೀರೆಗಿಂತ ಮೊದಲು ಮದುಮಗಳಿಗೆ ಸಿ.ಡಿ. ಡ್ರೈವ್ ಕೊಳ್ಳುವುದು ವಾಡಿಕೆ. ತವರಿನ ದನಿಗಳು ಗಂಡನ ಮನೆಯಲ್ಲೂ ಕೇಳಬೇಕಲ್ಲ!

ಮದುವೆ ಗೊತ್ತಾಗಿದ್ದ ಸುವರ್ಣಾ ಅಂಗಡಿಯಲ್ಲಿ ತೆಳ್ಳಗಿನ ಗುಲಾಬಿ ಡ್ರೈವ್ ಎತ್ತಿಕೊಂಡಳು. "ಅವ್ವಾ, ಇದ ಇರಲಿ. ಭಾಳ ಚಂದ ಐತಿ."

"ಚಂದ ನೋಡೇ ನಾನೂ ಒಂದು ತಂದಿದ್ದೆ," ಎಂದಳು ತಾಯಿ ನೀಲವ್ವ. ಅವಳು ಮದುವೆಯಾಗಿ ಬಂದಾಗ ಗಂಡನ ಮನೆಯ ಕಂಪ್ಯೂಟರು ಆ ಡ್ರೈವನ್ನು ಗುರುತೇ ಹಿಡಿದಿರಲಿಲ್ಲ. ನೀಲವ್ವನ ಅವ್ವ ಮನೆಯ ದನಿಗಳನ್ನು ತುಂಬಿ ಕಟ್ಟಿಕೊಟ್ಟ ಸಿ.ಡಿ. ಟ್ರಂಕಿನಲ್ಲೇ ಉಳಿಯಿತು. ಆಮೇಲೆ ಆ ಅವ್ವ ತೀರಿಕೊಂಡಳು, ತವರಿನ ಕಂಪ್ಯೂಟರು ಗುಜರಿಗೆ ಹೋಯಿತು. ನೀಲವ್ವ ಅಂಗಡಿಯವನ ಕಡೆ ತಿರುಗಿದಳು. "ಎರಡೂ ಮನಿಗೆ ನಡಿಯೂದು ಕೊಡ್ರಿ."

ಅಂಗಡಿಯವನು ದಪ್ಪನೆಯ ಕರಿ ಡ್ರೈವ್ ತಂದು, ನೀಲವ್ವನ ಗಂಡನ ಮನೆಯಲ್ಲಿರುವಂಥದೇ ಕಂಪ್ಯೂಟರಿಗೆ ಜೋಡಿಸಿದ. "ಹಳೇ ಸಿ.ಡಿ. ಇದ್ರ ಕೊಡ್ರಿ ಅಕ್ಕಾರ, ಹಾಕಿ ನೋಡೂಣು."

ಖಣದ ತುಂಡಿನಲ್ಲಿ ಸುತ್ತಿ ತಂದಿದ್ದ ಸಿ.ಡಿ.ಯನ್ನು ನೀಲವ್ವ ಬಿಚ್ಚಿ ಕೊಟ್ಟಳು. ಡ್ರೈವ್ ಗರಗರ ತಿರುಗಿತು. ಮೊದಲು ಬಳೆಯ ಸದ್ದು, ಆಮೇಲೆ ಗದರುವ ದನಿ: "ಏ ನೀಲಾ, ಹಾಲು ಉಕ್ಕಾಕತ್ತೈತಿ, ಎಲ್ಲಿ ಹೋದಿ?"

ನೀಲವ್ವ ಸ್ಟೂಲಿನಿಂದ ಎದ್ದೇಬಿಟ್ಟಳು. "ಬಂದೆ ಯವ್ವಾ!"